ಬಾಳೆದಿಂಡು

ಹೊನ್ನಮ್ಮನ ಮಗಳು ಕವಿತಾಳಿಗೆ ಮನೆಯಲ್ಲಿ ಕಾಮಿ ಎಂದು ಹೆಸರು. ಅಜ್ಜಿಯ ಹೆಸರು, ಅಂಕೋಲೆ ಕಡೆಯ ಗೌಡರಲ್ಲಿ ಮನೆಗೊಬ್ಬರಿಗೆ ಇರುವ ಹೆಸರು. ಆದರೆ ಶಾಲೆಯಲ್ಲಿ ಮಾಸ್ತರರು ಹಾಜರಿ ಕರೆದಾಗಲೆಲ್ಲ ಹಿಂದಿನ ಬೆಂಚಿನವರು ಕಿಸಕ್ಕೆಂದು ನಗುತ್ತಿದ್ದರು. ಅತ್ತೂ ಕರೆದೂ ರಂಪ ಮಾಡಿ ಹೆಸರು ಬದಲಿಸಿಕೊಂಡಿದ್ದಳು. ಈಗ ಕಾರವಾರದ ಜಲಕ್ರೀಡಾ ಕ್ಲಬ್ಬಿನಲ್ಲಿ ಅವಳು ಕವಿತಾ, ಅಂಕೋಲೆಯವಳು. ಅಂಕೋಲೆ ಪೇಟೆಯಲ್ಲಿ ಬಸ್ಸಿಳಿದು ಗದ್ದೆಬದುವಿನ ಹಾಳಿಯ ಮೇಲೆ ಇನ್ನೆಷ್ಟು ನಡೆಯಬೇಕು ಎಂದು ಅಲ್ಲಿ ಯಾರೂ ಕೇಳಿರಲಿಲ್ಲ, ಇವಳೂ ಹೇಳಿರಲಿಲ್ಲ. ನಾಚಿಕೆ ಅವಳಿಗೆ ಬೇಗ ಹತ್ತುವ ಜಡ್ಡು. ಈ ಕತೆಯಲ್ಲಿ ಆದ ಅನಾಹುತಕ್ಕೆಲ್ಲ ಆ ಜಡ್ಡೇ ಕಾರಣ.

ನೀರಿನ ಮೇಲೆ ಮಾತ್ರ ಅವಳಿಗೆ ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ. ವಿಂಡ್‌ಸರ್ಫಿಂಗ್ ಎಂದರೆ ಒಂದು ಹಲಗೆ, ಅದರ ಮೇಲೊಂದು ಕಂಬ, ಕಂಬಕ್ಕೊಂದು ಹಾಯಿ. ನಿಂತುಕೊಂಡು ಹಾಯಿಯನ್ನು ಎರಡು ಕೈಯಲ್ಲಿ ಹಿಡಿದು ಗಾಳಿಯ ಜೊತೆ ಜಗಳ ಆಡುತ್ತ ಓಡಬೇಕು. ಜಗಳದಲ್ಲಿ ಕವಿತಾಳದ್ದು ಎತ್ತಿದ ಕೈ. ಎರಡು ಸಲ ರಾಜ್ಯದ ಪದಕ ತಂದಿದ್ದಳು. ಆದರೆ ಕ್ಲಬ್ಬಿನ ಹಲಗೆಗಳೆಲ್ಲ ಹಳೆಯವು, ಒಂದೊಂದೂ ಹೆಣಭಾರ. ಹೊರದೇಶದ ಹಲಗೆ ತರಿಸೋಣವೆಂದರೆ ಕ್ಲಬ್ಬಿನ ಸಮಿತಿಯವರು ಬೆಲೆ ಕೇಳಿ ಕೈ ಮುಗಿಯುತ್ತಿದ್ದರು.

ಆಗ ಕೋಡಿಬಾಗದ ಮಂಗೇಶ ತಾನಾಗಿ ಬಂದು ತರಬೇತಿ ಕೊಡುವ ಗೋದಾವರಿ ಮೇಡಂ ಹತ್ತಿರ, "ನಾ ಮಾಡಿ ಕೊಡ್ತೆ, ಮೇಡಂ" ಎಂದಿದ್ದ. ಕಾಳಿ ನದಿಯ ದಂಡೆಯ ಮೇಲೆ ಅವನದೊಂದು ತಗಡಿನ ಶೆಡ್ಡು. ಫೈಬರ್ ದೋಣಿ ಮಾಡುವುದು, ಒಡೆದದ್ದನ್ನು ತೇಪೆ ಹಾಕುವುದು ಅವನ ಕಸುಬು. ಮಳೆಗಾಲವೆಲ್ಲ ಕೂತು, ಒಳಗೆ ಫೋಮು, ಹೊರಗೆ ಕಾರ್ಬನ್ ಬಟ್ಟೆ ಹೊದೆಸಿ ಒಂದು ಹಲಗೆ ಮಾಡಿದ. ಕ್ಲಬ್ಬಿನ ಹಲಗೆಯ ಅರ್ಧ ತೂಕವೂ ಇಲ್ಲ. ದಸರೆಯ ದಿನ ಅದರ ಪರೀಕ್ಷೆ. ಪಾಸಾದರೆ ತಂಡದ ಹಲಗೆಗಳೆಲ್ಲ ಮಂಗೇಶನ ಶೆಡ್ಡಿನಿಂದಲೇ ಬರುತ್ತವೆ, ಆ ವಾರದ ಕೊನೆಗೆ ಸಮಿತಿ ಕೂತು ತೀರ್ಮಾನ ಮಾಡುತ್ತದೆ. ಓಡಿಸಿ ನೋಡುವವಳು ಕವಿತಾ. "ಅವಳು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ" ಎಂದು ಮೇಡಂ ಎಲ್ಲರೆದುರು ಹೇಳಿಬಿಟ್ಟಿದ್ದರು. ಆ ಮಾತು ಕೇಳಿ ಕವಿತಾ ಒಂದು ಗೇಣು ಎತ್ತರ ಬೆಳೆದಿದ್ದಳು.

ಆಯುಧಪೂಜೆಯ ಹಿಂದಿನ ದಿನ ಮಂಗೇಶ ಹಲಗೆಯನ್ನು ಅವಳ ವಶಕ್ಕೆ ಕೊಟ್ಟ.

"ಮನೆಗೆ ತಕಂಡ್ ಹೋಗು, ಬಾಯ" ಎಂದ. ತನಗಿಂತ ಚಿಕ್ಕ ಹೆಣ್ಣುಮಕ್ಕಳನ್ನೆಲ್ಲ ಅವನು ಕೊಂಕಣಿಯಲ್ಲಿ ಬಾಯ ಎಂದೇ ಕರೆಯುವುದು. "ಹೊಸಾ ದೋಣಿ ನೀರಿಗೆ ಇಳೀಬೇಕಾದ್ರೆ ಮುತ್ತೈದೆ ಕೈಯಿಂದ ಕುಂಕುಮ ಆಗ್ಬೇಕು. ಇದೂ ದೋಣಿನೇ ಅಲ್ವಾ? ನನ್ ಮನೇಲಿ ಯಾರಿದ್ದಾರೆ ಹಚ್ಚೂಕೆ? ನಿನ್ ಆಯಿ ಹತ್ರ ಹಚ್ಸು."

"ಆಯ್ತು, ಮಂಗೇಶ ಮಾಮ" ಎಂದಳು. ಟೆಂಪೋ ಮಾಡಿಕೊಂಡು ಹೋದಳು. ಟೆಂಪೋ ನಿಂತಲ್ಲಿಂದ ಮುಂದೆ ಅಪ್ಪ ನಾಗು ಅದನ್ನು ತಲೆಯ ಮೇಲೆ ಹೊತ್ತು ಹಾಳಿಯ ಮೇಲೆ ನಡೆದ. "ಇದೆಂತಾ ಹಲ್ಗೆಯೇ! ಹುಲ್ಲಿನ ಹೊರೆನೂ ಇದ್ಕಿಂತ ಭಾರ ಇರ್ತದೆ" ಎಂದು ದಾರಿಯುದ್ದ ನಗುತ್ತಿದ್ದ.

ಪೂಜೆಯ ದಿನ ಕವಿತಾ ಅಂಕೋಲೆ ಪೇಟೆಗೆ ಹೋಗಿದ್ದಳು. ಸಂಜೆ ಬಂದು ನೋಡಿದರೆ ಜಗುಲಿಯಲ್ಲಿ ಕತ್ತಿ, ಹಾರೆ, ನೇಗಿಲು, ಈಳಿಗೆಮಣೆ, ಪಂಪ್‌ಸೆಟ್ಟಿನ ಸ್ಪ್ಯಾನರ್ ಎಲ್ಲ ಸಾಲಾಗಿ ಕೂತಿದ್ದವು. ಅವುಗಳ ನಡುವೆ ಗೋಡೆಗೆ ಆನಿಸಿ ನಿಲ್ಲಿಸಿದ ಹಲಗೆ. ಮೂತಿಗೆ ರೂಪಾಯಿ ಅಗಲದ ಕುಂಕುಮ, ಅದರ ಮೇಲೆ ಚೆಂಡುಹೂವಿನ ಸರ. ಹೊನ್ನಮ್ಮ ಮಗಳ ಮುಖವನ್ನೇ ನೋಡುತ್ತಿದ್ದಳು. ಕವಿತಾ, "ಚಲೋ ಆಯ್ದೆ" ಎಂದು ಒಳಗೆ ಹೋದಳು. ಕ್ಲಬ್ಬಿನ ರೂಪೇಶ ಇದನ್ನು ನೋಡಿದರೆ ಏನಂದಾನು ಎಂಬುದೊಂದೇ ಅವಳ ತಲೆಯಲ್ಲಿ.

ಕಿನ್ನರ ಎಂಬ ಊರಿನ ರೂಪೇಶ ತಂಡದಲ್ಲಿ ಅವಳ ನಂತರದವನು, ಬಾಯಲ್ಲಿ ಮಾತ್ರ ಅವಳಿಗಿಂತ ಮುಂದು. ಯಾರನ್ನು ಕಂಡರೂ ಒಂದು ಅಡ್ಡಹೆಸರು, ಕೈಯಲ್ಲಿ ಯಾವಾಗಲೂ ಫೋನು. ಅವನ ನಾಲಗೆಗೆ ಸಿಕ್ಕಿದವರು ಆಮೇಲೆ ಊರು ಬಿಡಬೇಕು ಅಷ್ಟೆ. ಮರುದಿನ ಬೆಳಿಗ್ಗೆ ಟೆಂಪೋ ಬಿಣಗಾ ದಾಟುವಾಗ ಕವಿತಾಳಿಗೆ ತಡೆಯಲಾಗಲಿಲ್ಲ. ಗಾಡಿ ನಿಲ್ಲಿಸಿದಳು. ಹೂವಿನ ಸರ ಕಿತ್ತು ರಸ್ತೆಯ ಬದಿಯ ಗಿಡಕ್ಕೆ ತೂಗಿಬಿಟ್ಟಳು. ದುಪಟ್ಟಾದ ತುದಿಗೆ ಉಗುಳು ಮುಟ್ಟಿಸಿ ಕುಂಕುಮ ಉಜ್ಜಿ ಉಜ್ಜಿ ಒರೆಸಿದಳು. ಯಾರಾದರೂ ನೋಡಿಯಾರೆಂಬ ಗಡಿಬಿಡಿ. ಕುಂಕುಮ ಇದ್ದದ್ದು ಮೂತಿಗೆ, ಅವಳ ಕಣ್ಣು ಹೋದದ್ದೂ ಮೂತಿಗೆ ಮಾತ್ರ. ಹಲಗೆಯ ಬೆನ್ನನ್ನು, ಕಾಲಿಡುವ ಜಾಗವನ್ನು, ಅವಳು ನೋಡಲೇ ಇಲ್ಲ.

ಕಾರವಾರದ ದಂಡೆಯಲ್ಲಿ ಪಡುವಣ ಗಾಳಿ ಚೆನ್ನಾಗಿ ಎದ್ದಿತ್ತು. ಮಂಗೇಶ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ, ಮದುವೆಮನೆಗೆ ಬಂದವನ ಹಾಗೆ. ಹಲಗೆ ಎತ್ತುವಾಗ ಕವಿತಾಳ ಕೈಗೆ ಜಿಡ್ಡು ಹತ್ತಿತು. ಬಿಸಿಲಿಗೆಂದು ತಾನೇ ಬಳಿದುಕೊಂಡ ಕ್ರೀಮು ಇರಬೇಕು ಎಂದುಕೊಂಡಳು.

ಹೊರಟದ್ದೇನೋ ಹೊರಟಳು, ಅಬ್ಬಬ್ಬಾ! ಎರಡೂ ಪಾದಗಳನ್ನು ಹಲಗೆಯ ಮೇಲಿನ ಪಟ್ಟಿಗಳೊಳಗೆ ತೂರಿಸಿ ಹಾಯಿ ಎಳೆದದ್ದೇ ತಡ, ಹಲಗೆ ನೀರು ಬಿಟ್ಟು ಮೇಲೆದ್ದಂತೆ ಹಾರಿತು. ಹಳೆಯ ಹಲಗೆಯ ಮೇಲೆ ಜೊತೆಗೆ ಹೊರಟ ರೂಪೇಶ ಅಲ್ಲೇ ಹಿಂದುಳಿದು ದಡಕ್ಕೆ ಮರಳಿದ. ಇಷ್ಟು ವರ್ಷ ಕಲ್ಲು ಕಟ್ಟಿಕೊಂಡು ಓಡುತ್ತಿದ್ದೆನೇ ಎಂದು ಅವಳಿಗೆ ನಗು ಬಂತು, ಬಾಯಿಬಿಟ್ಟೇ ನಕ್ಕಳು. ದಂಡೆಯ ಮೇಲೆ ಮಂಗೇಶ ಎರಡೂ ಕೈ ಮೇಲೆತ್ತಿದ್ದು ಅಷ್ಟು ದೂರಕ್ಕೂ ಕಾಣುತ್ತಿತ್ತು.

ಆಮೇಲೆ ತಿರುವು ಬಂತು. ತಿರುಗುವಾಗ ಪಾದವನ್ನು ಪಟ್ಟಿಯಿಂದ ಬಿಡಿಸಿ ಬರಿಯ ಹಲಗೆಯ ಮೇಲೆ ಹೆಜ್ಜೆ ಇಡಬೇಕು. ಇಟ್ಟಳು. ಹೆಜ್ಜೆ ನಿಲ್ಲಲಿಲ್ಲ. ಸರ್ರೆಂದು ಜಾರಿ ಬೆನ್ನಡಿಯಾಗಿ ಬಿದ್ದಳು. ಎದ್ದು ಹೊರಟಳು, ಮತ್ತೆ ತಿರುವಿನಲ್ಲಿ ಬಿದ್ದಳು. ಮೂರನೆಯ ಸಲ ಕಂಬವೇ ಮೇಲೆ ಬಿದ್ದು ತುಟಿ ಒಡೆಯಿತು. ಪದಕ ತಂದವಳು ನಿನ್ನೆ ಮೊನ್ನೆ ಕಲಿತವರ ಹಾಗೆ ನೀರು ಕುಡಿದಳು. ದಂಡೆಯಲ್ಲಿ ಹುಡುಗರೆಲ್ಲ ನಗುತ್ತಿದ್ದಾರೆ, ಮೊದಲೇ ದಡ ಸೇರಿದ್ದ ರೂಪೇಶ ಫೋನು ಎತ್ತಿ ಹಿಡಿದಿದ್ದಾನೆ. ಭೂಮಿಯಾದರೆ ಬಾಯಿ ಬಿಡು ಎನ್ನಬಹುದಿತ್ತು, ಸಮುದ್ರದಲ್ಲಿ ಏನೆನ್ನಬೇಕು?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕವಿತಾ ಕುಣಿಯಬಲ್ಲವಳೇ, ಆದರೂ ಅಂದಳು. ಹಲಗೆಯನ್ನು ಮರಳಿನ ಮೇಲೆ ದಬಕ್ಕೆಂದು ಕೆಡವಿ, ತುಟಿಯ ರಕ್ತ ಒರೆಸಿಕೊಳ್ಳುತ್ತ, ಎಲ್ಲರಿಗೂ ಕೇಳುವ ಹಾಗೆ ಅಂದಳು.

"ಇದು ಹಲಗೆ ಅಲ್ಲ ಮೇಡಂ, ಬಾಳೆದಿಂಡು! ಕಾಲೇ ನಿಲ್ಲೂದಿಲ್ಲ. ಹಗುರ ಮಾಡೂಕೆ ಹೋಗಿ ಮೇಲಿನ ಮರಳಿನ ಕೋಟೇ ಹಾಕ್ಲಿಲ್ಲ ಇವ್ರು."

ಕಾರ್ಬನ್ ಬಟ್ಟೆಗೆ ಬಳಿಯುವ ರೆಸಿನ್ ಅಂಟು ಹಸಿ ಇರುವಾಗ ಅದರ ಮೇಲೆ ಸಣ್ಣ ಮರಳು ಉದುರಿಸುತ್ತಾರೆ, ಕಾಲಿಗೆ ಹಿಡಿತ ಸಿಗಲಿ ಎಂದು. ಅದನ್ನು ಬಿಡುವುದೆಂದರೆ ಓಡಿಸುವವಳ ಜೀವದ ಜೊತೆ ಆಟ ಆಡಿದ ಹಾಗೆ. ಸಣ್ಣ ಆರೋಪವಲ್ಲ.

ಮಂಗೇಶ ಅವಳ ಮುಖ ನೋಡಿದ. "ಹಾಕಿದ್ದೆ, ಬಾಯ" ಎಂದ. ಒಂದು ಕ್ಷಣ ಬಿಟ್ಟು, "ಹಾಕಿದ್ದೆ ಅಂತ ನೆನಪು" ಎಂದ.

"ಬಾಳೆದಿಂಡು! ಪಲ್ಯಕ್ಕೆ ಆಗ್ತದೆ, ಮೇಡಂ" ಎಂದು ರೂಪೇಶ ಕೂಗಿದ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋದಾವರಿ ಮೇಡಂ ನಗಲಿಲ್ಲ, ಆದರೆ ಮಂಗೇಶನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಅವನು ಬಿಳಿ ಅಂಗಿ ಒದ್ದೆಯಾಗುವುದನ್ನೂ ನೋಡದೆ ಹಲಗೆಯನ್ನು ಎದೆಗವಚಿಕೊಂಡು ಎತ್ತಿ ಆಟೋದ ಮೇಲೆ ಕಟ್ಟಿಸಿಕೊಂಡು ಹೋದ.

ಮನೆಗೆ ಬಂದರೆ ಹೊನ್ನಮ್ಮ ಅಂಗಳದಲ್ಲೇ ಕಾಯುತ್ತಿದ್ದಳು.

"ಹೆಂಗೆ ಓಡ್ತೇ, ಕಾಮಿ? ತುಟಿಗೆ ಎಂತಾ ಆಯ್ತೇ?"

"ಎಂತದೂ ಇಲ್ಲ. ಕಂಬ ತಾಗ್ತು."

"ಎಡವಿ ಬಿದ್ದಿಯೇನೋ ಅಂದ್ಕಂಡೆ. ಆ ಹಲ್ಗೆ ಮೇಲೆ ಪೂರಾ ಗರಗರಾ ಅಂತಿತ್ತೇ, ಮರಳು ಕೂತಂಗೆ. ಬರಿಗಾಲಲ್ಲಿ ನಿಲ್ಲೂಳು ನೀನು, ಪಾದ ಎಲ್ಲಾ ತರಚಿ ಹೋದಾವು ಅಂತ ಕೊಬ್ಬರಿ ಎಣ್ಣಿ ತಿಕ್ದೆ ನೋಡು. ಕತ್ತಿ ಹಾರೆಗೆಲ್ಲಾ ತಿಕ್ದಂಗೇ. ಒಂದ್ಸಲ ತಿಕ್ಕೂಕೆ ಹೀರ್ಕಂಡ್ತು, ಮತ್ತೊಂದ್ಸಲ ತಿಕ್ದೆ. ಕಡೀಗೆ ನುಣ್ಣಗೆ ಬೆಣ್ಣಿ ಆದಂಗೆ ಆಯ್ತು!"

ಕವಿತಾ ಜಗುಲಿಯ ಕಂಬ ಹಿಡಿದು ಕೂತಳು.  ಕೂಗಿ ರಂಪ ಮಾಡೋಣವೆಂದರೆ ಎದುರಿಗೆ ಅವ್ವ ಎರಡೂ ಅಂಗೈ ಚಾಚಿ, ಹೇಗೆ ತಿಕ್ಕಿದೆ ಎಂದು ಗಾಳಿಯಲ್ಲೇ ತೋರಿಸುತ್ತಿದ್ದಾಳೆ. ಮರಳು ಇತ್ತು. ಮಂಗೇಶ ಮಾಮ ಹಾಕಿದ್ದ. ಅವ್ವನ ಒರಟು ಕೈಗೆ ಗರಗರ ಎಂದು ತಾಗುವಷ್ಟು ಇತ್ತು.

"ಹೇಳೇ, ಚಲೋ ಓಡ್ತಾ?"

"ಓಡ್ತು, ಅವ್ವ. ಚಲೋ ಓಡ್ತು."

"ಮತ್ತೆ! ಎಣ್ಣಿ ಹಚ್ದದ್ದಕ್ಕೆ!" ಎಂದು ಹೊನ್ನಮ್ಮ ಖುಷಿಯಿಂದ ಒಳಗೆ ಹೋದಳು.

ಆವತ್ತೇ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಮಾಡಲೇಬೇಕೆಂದು ಹೆಸರು ತೆಗೆದು, ಬೆರಳು ಹತ್ತಿರ ಒಯ್ದು, ಮತ್ತೆ ಫೋನು ತಿರುವಿ ಇಡುತ್ತಿದ್ದಳು. ಏನೆಂದು ಹೇಳುವುದು? ನಮ್ಮವ್ವ ನೇಗಿಲಿಗೆ ತಿಕ್ಕಿದ ಕೈಯಲ್ಲೇ ನಿಮ್ಮ ಹಲಗೆಗೂ ಎಣ್ಣೆ ತಿಕ್ಕಿದಳು ಎಂದೇ? ರೂಪೇಶನ ಕಿವಿಗೆ ಬಿದ್ದರೆ ಮುಗಿಯಿತು. ಗೌಡ್ತಿ ಎಣ್ಣೆ, ಗೌಡ್ತಿ ಎಣ್ಣೆ ಎಂದು ಸಾಯುವ ತನಕ ಕರೆದಾನು. ಅವ್ವನ ಬಗ್ಗೆ ಹಾಗೆ ನಾಚಿಕೊಂಡೆನಲ್ಲ ಎಂದು ಮರುಕ್ಷಣವೇ ಮತ್ತೊಂದು ನಾಚಿಕೆ. ಒಂದರ ಮೇಲೊಂದು ಬಂದು ಕೂತು ಅನ್ನವೂ ಸೇರದಾಯಿತು. ನಾಚಿಕೆಯಲ್ಲಿ ಮನುಷ್ಯರು ಸಾಯುವುದಿಲ್ಲ, ಅದೇ ಅದರ ಕಷ್ಟ.

ಅಷ್ಟರಲ್ಲಿ ರೂಪೇಶನ ವಿಡಿಯೋ ಊರೆಲ್ಲ ಸುತ್ತಿತ್ತು. ಮೂರು ಸಲ ಬಿದ್ದದ್ದೂ, ಕೊನೆಗೆ ಅವಳ ಬಾಯಲ್ಲೇ 'ಬಾಳೆದಿಂಡು' ಎನ್ನುವುದೂ ಅದರಲ್ಲಿ ಇತ್ತು. ಕ್ಲಬ್ಬಿನಲ್ಲಿ ಅದನ್ನು ಮತ್ತೆ ಮತ್ತೆ ಹಚ್ಚಿ ನಗುತ್ತಿದ್ದರು. "ಕೋಡಿಬಾಗದ ರಿಕ್ಷಾದವ್ರು ಮಂಗೇಶನ್ನ ಕಂಡ್ರೆ, ದಿಂಡು ಕಿಲೋಕ್ಕೆ ಎಷ್ಟೋ ಅಂತ ಕೇಳ್ತಾರಂತೆ" ಎಂದ ರೂಪೇಶ. ಎಲ್ಲರೂ ನಕ್ಕರು. ಕವಿತಾಳೂ ನಕ್ಕಳು. ನಕ್ಕದ್ದು ತನ್ನ ಕಿವಿಗೇ ಕೇಳಿತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಥೂ ನಿನ್ನ ಜನ್ಮಕ್ಕೆ ಎಂದು ಕನ್ನಡಿಯಲ್ಲಿ ತನಗೆ ತಾನೇ ಉಗಿದುಕೊಂಡಳು.

ಸಮಿತಿ ಕೂಡುವ ಹಿಂದಿನ ಸಂಜೆ ಕೊನೆಗೂ ಕೋಡಿಬಾಗಕ್ಕೆ ಹೋದಳು. ನಾಳೆ ಬೆಳಿಗ್ಗೆ ಸೋಪು ಹಾಕಿ ತೊಳೆದು ಮತ್ತೊಮ್ಮೆ ಓಡಿಸಿ ತೋರಿಸಿದರಾಯಿತು ಎಂದು ಬಸ್ಸಿನಲ್ಲಿ ಲೆಕ್ಕ ಹಾಕಿಕೊಂಡಿದ್ದಳು. ಎಣ್ಣೆ ಯಾರು ಹಚ್ಚಿದರೆಂದು ಹೇಳಬೇಕಾಗಿಯೇ ಬರಲಿಕ್ಕಿಲ್ಲ ಎಂಬ ಆಸೆಯೂ ಇತ್ತು.

ಶೆಡ್ಡಿನೊಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಹಲಗೆ ಎರಡು ಹೋಳಾಗಿ ಮೇಜಿನ ಮೇಲಿತ್ತು. ಮೂತಿಯಿಂದ ಬಾಲದ ತನಕ ಉದ್ದಕ್ಕೆ ಸೀಳಿದ್ದ. ಒಳಗಿನ ಬಿಳಿ ಫೋಮು ಹಲಸಿನ ತೊಳೆ ಬಿಡಿಸಿದ ಹಾಗೆ ತೆರೆದು ಬಿದ್ದಿತ್ತು. ಮೇಲ್ಮೈಯನ್ನು ಅಲ್ಲಲ್ಲಿ ಕೆರೆದು ತೆಗೆದಿದ್ದ. ಮಂಗೇಶನ ಹುಬ್ಬು, ಮೀಸೆಯ ಮೇಲೆಲ್ಲ ಧೂಳು.

"ಬಂದ್ಯಾ, ಬಾಯ? ಬಾ, ಬಾ. ನೀನೇ ನೋಡು" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದರೆ ಎಷ್ಟೋ ಚೆನ್ನಾಗಿತ್ತು. "ಸೋಪು ಹಾಕಿ ಉಪ್ಪು ತೊಳ್ದು, ಕೆರೆದು ನೋಡ್ದೆ, ಮರಳು ಉಂಟು. ಒಳಗೆ ಬಾಗ್ತದೇನೋ, ಅದ್ಕೇ ಕಾಲು ಜಾರ್ತದೇನೋ ಅಂತ ಕೊಯ್ದೆ. ಒಳಗೂ ಸರೀ ಉಂಟು. ತಪ್ಪೆಲ್ಲಿ ಅಂತ ಸಿಗೂದೇ ಇಲ್ಲ. ಓಡ್ಸಿದವಳು ನೀನು, ಹೇಳು, ಎಲ್ಲಿ ತಪ್ಪು?"

ಕವಿತಾ ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರುವಂತಿರಲಿಲ್ಲ.

"ಮಾಮ, ಅವತ್ತು ಹಲಗೆಗೆ ಜಿಡ್ಡು ಹತ್ತಿತ್ತು" ಎಂದಳು.

ಹತ್ತಿತ್ತು. ನೋಡಿ, ನಮ್ಮ ಭಾಷೆಯಲ್ಲಿ ಎಷ್ಟು ಅನುಕೂಲ! ಯಾರೂ ಹಚ್ಚಬೇಕಾಗಿಯೇ ಇಲ್ಲ, ಜಿಡ್ಡು ತಾನಾಗಿಯೇ ಬಂದು ಹತ್ತಿಕೊಳ್ಳುತ್ತದೆ. ಪಾತ್ರೆ ಬಿತ್ತು, ಹಾಲು ಉಕ್ಕಿತು, ಜಿಡ್ಡು ಹತ್ತಿತು.

ಮಂಗೇಶ ಕೈಯಲ್ಲಿದ್ದ ಉಳಿ ಕೆಳಗಿಟ್ಟ. "ಜಿಡ್ಡಾ?" ಎಂದ. ಅವನ ಮುಖ ನಿಧಾನವಾಗಿ ಅರಳಿತು. "ಅರೇ ದೇವಾ! ಮೇಣ! ಅಚ್ಚಿಗೆ ಅಂಟಬಾರ್ದು ಅಂತ ಮೇಣ ಬಳೀತೇವಲ್ಲ, ಅದನ್ನ ನಾನು ಸರೀ ಒರೆಸ್ಲಿಲ್ಲ. ಮತ್ತೆಲ್ಲಿಂದ ಬರ್ಬೇಕು ಜಿಡ್ಡು? ಎಷ್ಟು ದಿನ ನಿದ್ದೆ ಇಲ್ಲ ಮಾರಾಯ್ತಿ. ಸಿಕ್ತಲ್ಲ, ಸಾಕು. ತಪ್ಪು ನಂದೇ."

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಫೋನು ತೆಗೆದು ಮೇಜಿನ ಮೇಲಿಟ್ಟು, ಧೂಳು ಹಿಡಿದ ಬೆರಳಿನಿಂದ ಸ್ಪೀಕರ್ ಒತ್ತಿದ್ದ. ಆ ಕಡೆ ಗೋದಾವರಿ ಮೇಡಂ ದನಿ, ಹಿಂದಿನಿಂದ ಕ್ಲಬ್ಬಿನ ಹುಡುಗರ ಗಲಾಟೆ.

"ಮೇಡಂ, ಮಂಗೇಶ. ತಪ್ಪು ಗೊತ್ತಾಯ್ತು. ಮೇಣ ಒರೆಸೂದು ಬಿಟ್ಟುಬಿಟ್ಟಿದ್ದೆ. ನನ್ನ ಬೇಜವಾಬ್ದಾರಿ. ಆ ಹುಡುಗಿಗೆ ತುಟಿ ಒಡೀತು, ಹೆಚ್ಚೆಂತಾದ್ರೂ ಆಗಿದ್ರೆ..."

 ಅವನು ಪೂರ್ತಿ ಹೇಳಿ ಮುಗಿಸಲಿ, ಇಲ್ಲಿಗೆ ಇದು ಮುಗಿಯಲಿ ಎಂದು ಕವಿತಾಳ ಒಳಗಿನಿಂದ ಯಾರೋ ಹೇಳುತ್ತಿದ್ದರು. ಮುಗಿದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಮಂಗೇಶ ತಡವರಿಸುತ್ತ, "ಕ್ಷಮಾ ಮಾಡಿ ಮೇಡಂ" ಎಂದು ಫೋನಿಗೆ ಕೈ ಮುಗಿದ. ಫೋನಿಗೆ, ಎರಡೂ ಕೈ ಸೇರಿಸಿ. ಅದನ್ನು ಅವಳಿಂದ ನೋಡಲಾಗಲಿಲ್ಲ.

"ಮೇಣ ಅಲ್ಲ ಮೇಡಂ!" ಎಂದು ಕಿರುಚಿದಳು. "ಕೊಬ್ಬರಿ ಎಣ್ಣೆ. ನಮ್ಮವ್ವ ಹಚ್ಚಿದ್ದು, ಪೂಜೆ ದಿನ. ನನ್ನ ಕಾಲು ತರಚ್ತದೆ ಅಂತ ಹಚ್ಚಿದ್ಲು. ಕುಂಕುಮಾನೂ ಹಚ್ಚಿದ್ಲು. ನಿಮಗೆಲ್ಲ ಕಂಡ್ರೆ ನಗ್ತೀರಿ ಅಂತ ನಾನು ದಾರೀಲೇ ಕುಂಕುಮ ಒರೆಸ್ಕಂಡು ಬಂದೆ, ಹಲಗೆ ನೋಡ್ಲಿಲ್ಲ. ಮಂಗೇಶ ಮಾಮ ಮರಳು ಹಾಕಿದ್ರು. ಹಾಕ್ಲಿಲ್ಲ ಅಂತ ಸುಳ್ಳು ಹೇಳ್ದವಳು ನಾನು."

ಆ ಕಡೆ ಗಲಾಟೆ ನಿಂತಿತು. ಯಾರೋ ಕಿಸಕ್ಕೆಂದರು, ರೂಪೇಶನೇ ಇರಬೇಕು. ಮೇಡಂ ಅವನನ್ನು ಗದರಿಸಿದ್ದು ಕೇಳಿಸಿತು.

"ಕವಿತಾ, ನಿಂಗೆ ಇದು ಯಾವಾಗ ಗೊತ್ತಾಯ್ತು?"

"ಅವತ್ತೇ ಸಂಜೆ, ಮೇಡಂ."

ಮೇಡಂ "ಮಂಗೇಶ, ನಾಳೆ ಬೆಳಿಗ್ಗೆ ಹಲಗೆ ತಕಂಡ್ ಬನ್ನಿ. ಸಮಿತಿಯವ್ರೆದುರೇ ಇನ್ನೊಂದ್ಸಲ ಓಡಿಸ್ವ" ಎಂದರು.

"ಹಲಗೆ ಕೊಯ್ದೆ, ಮೇಡಂ."

"ಅಯ್ಯೋ" ಎಂದರು ಮೇಡಂ. "ಹಲಗೆನೇ ಇಲ್ದೆ ನಾ ಅವ್ರಿಗೆ ಎಂತಾ ತೋರಿಸ್ಲಿ, ಹೇಳಿ? ಬಾಯಿಮಾತಿಗೆ ಅವ್ರು ಒಪ್ಪೂದಿಲ್ಲ. ಈ ವರ್ಷ ಹಳೇ ಹಲಗೆನೇ ಸಾಕು ಅಂತಾರೆ. ಇನ್ನೊಂದು ಮಾಡಿ ಇಡಿ, ಮುಂದೆ ನೋಡ್ವ." ಫೋನು ಇಟ್ಟರು.

ಶೆಡ್ಡಿನ ಹಿಂದೆ ನದಿಯಲ್ಲಿ ಯಾವುದೋ ದೋಣಿಯ ಇಂಜಿನ್ನು ಕೆಮ್ಮುತ್ತ ಹೋಯಿತು. ಮಂಗೇಶ ಹಲಗೆಯ ಒಂದು ಹೋಳಿನ ಮೇಲೆ ಅಂಗೈ ಆಡಿಸಿದ. ಮೂಗಿನ ಹತ್ತಿರ ಕೈ ಒಯ್ದು ಮೂಸಿದ. ಈಗ ಅದಕ್ಕೆ ಬರಿಯ ರೆಸಿನ್ ಧೂಳಿನ ವಾಸನೆ ಇರಬೇಕು.

"ನಿನ್ ಆಯಿ ಹತ್ರ ಹೇಳ್ಬೇಡ" ಎಂದ. "ಹಚ್ಸು ಅಂತ ಕಳ್ಸಿದವ ನಾನು. ಅವ್ರ ಮೇಲೆ ಎಂತಾ ತಪ್ಪಿಲ್ಲ."

"ಮಾಮ, ನನ್ನ ಎರಡು ಹೊಡೀರಿ ಬೇಕಾದ್ರೆ."

"ಹೊಡ್ದು ಎಂತಾ ಮಾಡ್ಲಿ?" ಮಂಗೇಶ ಆ ಸಂಜೆ ಮೊದಲ ಸಲ ಅವಳ ಕಡೆ ನೇರ ನೋಡಿದ. "ಹಲಗೆ ಹೋದ್ರೆ ಹೋಯ್ತು. ಆದ್ರೆ ನೀ ಮರಳಿಲ್ಲ ಅಂದ್ಯಲ್ಲ ಅವತ್ತು, ನಂಗೂ ಹಾಗೇ ಅನ್ನಿಸ್ತು ನೋಡು. ಹಾಕಿದ್ನೋ ಇಲ್ವೋ ಅಂತ. ಈ ಕೈಯಿಂದ ಹಾಕಿದ್ದೆ, ಈ ಕೈನೇ ನಂಬ್ಲಿಲ್ಲ ನಾನು. ನಿನ್ನ ಮಾತು ನಂಬ್ದೆ."

ಕವಿತಾಳಿಗೆ ಅಳು ಬಂತು. ಅತ್ತರೆ ಅವನೇ ಸಮಾಧಾನ ಮಾಡಬೇಕಾಗುತ್ತದೆ, ಅಷ್ಟು ತೊಂದರೆಯನ್ನೂ ಕೊಡುವುದು ಬೇಡವೆಂದು ಒಡೆದ ತುಟಿಯನ್ನು ಕಚ್ಚಿ ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು, "ಇನ್ನೊಂದು ಮಾಡ್ತೀರಾ, ಮಾಮ?"

"ಮಾಡ್ತೆ. ಮಾಡ್ದೆ ಎಲ್ಲಿ ಹೋಗ್ಲಿ? ಇದೇ ಕಸುಬು." ಎರಡು ಹೋಳುಗಳನ್ನೂ ಎತ್ತಿ ಗೋಡೆಗೆ ಒರಗಿಸಿದ. ಬೆನ್ನು ತಿರುಗಿಸಿಕೊಂಡೇ ಹೇಳಿದ, "ಓಡ್ಸಿ ನೋಡೂಕೆ ಮಾತ್ರ ನಿನ್ನ ಕರೆಯೂದಿಲ್ಲ, ಬಾಯ. ಬೇಜಾರು ಮಾಡ್ಕಬೇಡ. ನೀರಲ್ಲಿ ಆದದ್ದನ್ನ ಹಲಗೆ ಬಂದು ಹೇಳೂದಿಲ್ಲ. ಅದ್ಕೆ ಬಾಯಿಲ್ಲ. ಹತ್ತಿದವ್ರದ್ದೇ ಅದ್ಕೆ ಬಾಯಿ."

"ಹೌದು" ಎಂದಳು ಕವಿತಾ. 

ಅವನು ಪೊರಕೆ ತೆಗೆದುಕೊಂಡು ನೆಲದ ಮೇಲಿನ ಫೋಮಿನ ಪುಡಿ ಗುಡಿಸತೊಡಗಿದ. ತಾನು ಗುಡಿಸುತ್ತೇನೆ ಎಂದು ಅವಳು ಕೈ ಚಾಚಿದಳು. ಅವನು ಕೊಡಲಿಲ್ಲ.